ಬಸ್ಸಿಂದ ಇಳಿಯುದು: ಗೆಟಿಂಗ್ ಡೌನಾ, ಗೆಟಿಂಗ್ ಆಫಾ?

ಪ್ರಶ್ನೆ: ಮಂಗಳೂರಿನ ಹಂಪನಕಟ್ಟೆಯ ಬಟ್ಟೆ ಅಂಗಡಿಯಲ್ಲಿ ನನ್ನ ಕೆಲಸ. ಬಸ್ಸಲ್ಲಿರುವಾಗಲೇ ಮ್ಯಾನೇಜರ್ ಫೋನು, ಅದೂ ಇಂಗ್ಲಿಷಲ್ಲೇ! "ಪಿವಿಎಸ್ ಸ್ಟಾಪಲ್ಲಿ ಇಳೀತಾ ಇದ್ದೇನೆ" ಅನ್ಲಿಕ್ಕೆ "ಐ ಆ್ಯಮ್ ಗೆಟಿಂಗ್ ಡೌನ್" ಸರಿಯಾ ಮಾರಾಯ್ರೆ?

ಉತ್ತರ 1: ನಮ್ಮಲ್ಲಿ ಎಲ್ಲರಿಗೂ ಅರ್ಥ ಆಗ್ತದೆ. ಹೊರದೇಶದವರ ಹತ್ರ "ಗೆಟಿಂಗ್ ಆಫ್" ಅನ್ನಿ. ಕಾರಿಗಾದ್ರೆ "ಗೆಟಿಂಗ್ ಔಟ್ ಆಫ್".

ಉತ್ತರ 2: ಇಂಥ ಜೋಡಿ ಪದಗಳು ನಿಮ್ಮ ಅಂಗಡಿಯಲ್ಲೇ ಬೇಕಾದಷ್ಟು ಉಂಟಲ್ಲ! ಗಿರಾಕಿ ಚೂಡಿದಾರ ಹಾಕಿ ನೋಡ್ತಾ ಇದ್ದಾರೆ: "ಶೀ ಈಸ್ ಟ್ರೈಯಿಂಗ್ ಇಟ್ ಆನ್". ಇಲ್ಲಿ 'ಇಟ್' ನಡುವೆಯೇ ಬರ್ಬೇಕು, "ಟ್ರೈಯಿಂಗ್ ಆನ್ ಇಟ್" ಆಗ್ಲಿಕ್ಕಿಲ್ಲ. ಹುಡುಕುವಾಗ ಮಾತ್ರ "ಲುಕಿಂಗ್ ಫಾರ್ ಇಟ್", ಅಲ್ಲಿ ನಡುವೆ ತುರುಕಬೇಡಿ.

ಪ್ರಶ್ನೆ ಕೇಳಿದವಳು: ಮೆರೂನ್ ಸೀರೆ ಮುಗೀತಾ ಬಂದಿದ್ರೆ?

ಉತ್ತರ 2: "ವೀ ಆರ್ ರನ್ನಿಂಗ್ ಔಟ್ ಆಫ್ ಮೆರೂನ್". ಒಂದೆರಡಾದ್ರೂ ಉಳಿದಿರ್ಬೇಕು, ಪೂರ್ತಿ ಖಾಲಿಯಾದ್ರೆ "ವೀ ಹ್ಯಾವ್ ರನ್ ಔಟ್".