ಅಪ್‌ಡೇಟ್: ತಪ್ಪಿದ ಬಡ್ತಿ, ಕೈಹಿಡಿದ 10 ರೂಪಾಯಿ ಅರ್ಜಿ

ಮೂರು ತಿಂಗಳ ಹಿಂದೆ ಕೇಳಿದ್ದೆ ಅಲ್ವಾ, ಗದಗಿನ ನಮ್ಮ ಕಚೇರಿಯಲ್ಲಿ ಮೇಲಿನವರ ಮೇಲೆ ದೂರು ಕೊಟ್ಟಿದ್ದಕ್ಕೆ ನನ್ನ ಬಡ್ತಿ ತಪ್ಪಿಸಿದರು, ಕಿರಿಯರಿಗೆ ಕೊಟ್ಟರು, ಏನು ಮಾಡಲಿ ಅಂತ.

ಲೋಕಾಯುಕ್ತಕ್ಕೆ ಹೋಗಿ ಅಂದ ಸಲಹೆ ನಡೆಯಲಿಲ್ಲ. ಬಡ್ತಿಯಂಥ ಸೇವಾ ವಿಷಯ ಅವರ ವ್ಯಾಪ್ತಿಗೆ ಬರುವುದಿಲ್ಲ. ಕೆಲಸ ಮಾಡಿದ್ದು ಆರ್‌ಟಿಐ, ಅಂದರೆ ಮಾಹಿತಿ ಹಕ್ಕು ಅರ್ಜಿ. 10 ರೂಪಾಯಿ ಪೋಸ್ಟಲ್ ಆರ್ಡರ್ ಹಚ್ಚಿ ಬಡ್ತಿ ಸಮಿತಿಯ ನಡಾವಳಿ, ನನ್ನ ಐದು ವರ್ಷದ ಕಾರ್ಯನಿರ್ವಹಣಾ ವರದಿ ಕೇಳಿದೆ. 29ನೇ ದಿನ ಲಕೋಟೆ ಬಂತು. ನಾಲ್ಕು ವರ್ಷ ‘ಅತ್ಯುತ್ತಮ’, ದೂರು ಕೊಟ್ಟ ವರ್ಷ ಮಾತ್ರ ‘ಸಾಧಾರಣ’. ಅದೂ ಹಳೇದನ್ನು ಹೊಡೆದು ಬೇರೆ ಪೆನ್ನಿನಲ್ಲಿ ಬರೆದದ್ದು! ನನಗೆ ಒಂದು ಮಾತೂ ತಿಳಿಸಿರಲಿಲ್ಲ.

ಗೊತ್ತೇ ಇರದಿದ್ದ ಸಂಗತಿ ಇದು: ವರದಿಯಲ್ಲಿ ಬರೆದ ಪ್ರತಿ ಷರಾವನ್ನೂ (ಅಭಿಪ್ರಾಯವನ್ನೂ) ನೌಕರರಿಗೆ ತಿಳಿಸಲೇಬೇಕು ಅಂತ ಸುಪ್ರೀಂ ಕೋರ್ಟ್ 2008ರಲ್ಲೇ ದೇವ್ ದತ್ ಪ್ರಕರಣದಲ್ಲಿ ಹೇಳಿದೆ. ಅದನ್ನೇ ಬರೆದು ಇಲಾಖೆಗೆ ಮನವಿ ಕೊಟ್ಟೆ. ಪತ್ರ ತಗೊಳ್ಳುವ ಟಪಾಲು ವಿಭಾಗದಲ್ಲಿ ಸ್ವೀಕೃತಿ ಸೀಲು ಹಾಕಿಸಿಕೊಳ್ಳಲು ಅರ್ಧ ದಿನ ಹೋಯಿತು, ಆದರೆ ಬಿಡಲಿಲ್ಲ.

ಸುಮ್ನೆ ನೇರವಾಗಿ ಸರ್ಕಾರಿ ನೌಕರರ ಸೇವಾ ವ್ಯಾಜ್ಯ ನೋಡುವ, ಬೆಳಗಾವಿಯ ಆಡಳಿತ ನ್ಯಾಯಮಂಡಳಿ ಪೀಠಕ್ಕೆ ಓಡಬೇಡಿ ಅಂದವರಿಗೆ ಥ್ಯಾಂಕ್ಸ್. ಸಾಮಾನ್ಯವಾಗಿ ಮೊದಲು ಇಲಾಖೆಗೆ ಮನವಿ, ಆರು ತಿಂಗಳು ಉತ್ತರ ಬರದಿದ್ದರೆ ಆಮೇಲೆ ಅಲ್ಲಿಗೆ.

ಹೋದ ವಾರ ಷರಾ ತೆಗೆದು ಬಡ್ತಿ ಆದೇಶ ಕೊಟ್ಟರು. ಜಾಗ ಮಾತ್ರ ಮುಂಡರಗಿ, ದಿನಾ ಬಸ್ಸು. ಜ್ಯೇಷ್ಠತೆಯ ಜಗಳ ಇನ್ನೂ ಬಾಕಿ ಇದೆ.