ಮೂರು ಬೈಟು

ವಿ.ವಿ. ಪುರದ ದರ್ಶಿನಿಯಲ್ಲಿ ನಿಂತಿದ್ದೆವು. ರಾಯರು ಎಪಿಐ, ಅಂದರೆ ಒಂದು ಪ್ರೋಗ್ರಾಮು ಇನ್ನೊಂದರಿಂದ ಕೆಲಸ ಮಾಡಿಸಿಕೊಳ್ಳುವ ಕಿಟಕಿ, ರೂಪಿಸುವವರು. ಭಟ್ಟ ಅದನ್ನು ಬಳಸಿ ತಲೆ ಕೆಡಿಸಿಕೊಳ್ಳುವವನು. ನಾನು ಇಬ್ಬರ ಜಗಳಕ್ಕೂ ಖಾಯಂ ಪ್ರೇಕ್ಷಕ. ರಾಯರು ಗತ್ತಿನಿಂದ "ಮೂರು ಬೈಟು" ಎಂದು ಹೇಳಿ ಬಂದರು.

"ಜನವರಿ ಎಷ್ಟನೆಯ ತಿಂಗಳು ರಾಯರೇ?" ಭಟ್ಟ ಕೆಣಕಿದ.

"ಮೊದಲನೆಯದು."

"ಜಾವಾಸ್ಕ್ರಿಪ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸೊನ್ನೆಯನೆಯದು! ತಾರೀಖು ಮಾತ್ರ ಒಂದರಿಂದಲೇ ಶುರು. ಅಕ್ಟೋಬರ್ ಎಂದು ನಾನು 10 ಕೊಟ್ಟೆ, ಅದು ನವೆಂಬರ್ ಎಂದುಕೊಂಡಿತು. ಗ್ರಾಹಕರಿಗೆಲ್ಲ ಹಣ ಕಟ್ಟಲು ಒಂದು ತಿಂಗಳು ಹೆಚ್ಚು ಸಿಕ್ಕಿತು. ಒಬ್ಬರಾದರೂ ದೂರು ಕೊಡಬೇಕಲ್ಲ?"

"ಅದು 1995ರಲ್ಲಿ ಜಾವಾ ಎಂಬ ಇನ್ನೊಂದು ಭಾಷೆಯಿಂದ ಬಂದ ಬಳುವಳಿ. ಕೈಪಿಡಿಯಲ್ಲಿ ಬರೆದಿದೆಯಲ್ಲ?"

ಈ ಪಂಗಡದವರ ಬ್ರಹ್ಮಾಸ್ತ್ರ ಇದೇ.

"ಕೈಪಿಡಿಯಂತೆ! 'ಗೆಟ್‌ಯೂಸರ್: ಯೂಸರನ್ನು ತಂದುಕೊಡುತ್ತದೆ.' ಯೂಸರೇ ಇಲ್ಲದಿದ್ದರೆ? ಅದಕ್ಕೆ ನಿಮ್ಮ ಕೈಪಿಡಿ ಮೌನವ್ರತ. 404, 'ಸಿಗಲಿಲ್ಲ', ಎಂದು ನೆಟ್ಟಗೆ ಹೇಳುವ ಬದಲು ನಿಮ್ಮ ಸರ್ವರ್ 200, 'ಎಲ್ಲ ಸರಿ', ಎಂದು ಹಲ್ಲು ಕಿರಿಯುತ್ತದೆ, ಬಿಚ್ಚಿ ನೋಡಿದರೆ ಒಳಗೆ ದೋಷ. ದೋಸೆ ಕೇಳಿದವನಿಗೆ ಮುಚ್ಚಿದ ತಟ್ಟೆ ಕೊಟ್ಟು, ಅದರೊಳಗೆ 'ದೋಸೆ ಇಲ್ಲ' ಎಂಬ ಚೀಟಿ ಇಟ್ಟ ಹಾಗೆ!"

"ಪರೀಕ್ಷೆಗೆ ಬಿಟ್ಟಾಗ ಎಲ್ಲಿದ್ದೆಯಪ್ಪ? ಎರಡು ತಿಂಗಳು ತುಟಿ ಬಿಚ್ಚಲಿಲ್ಲ. ಬಿಡುಗಡೆಯಾದ ಮೇಲೆ ತಿದ್ದಿ ಎಂದರೆ ಹೇಗೆ?" ರಾಯರು ಏರಿದರು. "ವೆಬ್ಬಿನ ಮಾತುಕತೆಯ ನಿಯಮವಾದ ಎಚ್‌ಟಿಟಿಪಿಯಲ್ಲಿ, ಯಾವ ಪುಟದಿಂದ ಬಂದೆ ಎಂದು ತಿಳಿಸುವ ರೆಫರರ್ ಹೆಡರ್ ನೋಡು. ನಡುವೆ ಎರಡು 'ಆರ್' ಇರಬೇಕಾದಲ್ಲಿ ಒಂದೇ ಇದೆ. 1996ರ ಆರ್‌ಎಫ್‌ಸಿ ಎಂಬ ಇಂಟರ್ನೆಟ್ ದಸ್ತಾವೇಜಿನಲ್ಲೇ ಅಚ್ಚಾಗಿಹೋದ ಕಾಗುಣಿತದ ತಪ್ಪು. ತಿದ್ದಿದರೆ ಅದನ್ನೇ ನಂಬಿದ ಪ್ರೋಗ್ರಾಮುಗಳ ಗತಿ? ಆಮೇಲೆ ಬಂದ ರೆಫರರ್ ಪಾಲಿಸಿ ಹೆಡರಿನಲ್ಲಿ ಎರಡೂ 'ಆರ್' ಇವೆ. ತಪ್ಪೂ ಸರಿಯೂ ಒಂದೇ ಮನೆಯಲ್ಲಿ ಸಂಸಾರ ಮಾಡುತ್ತಿವೆ."

"ಮಿನರ್ವ ಸರ್ಕಲ್ ಇದ್ದ ಹಾಗೆ," ಎಂದೆ. "ಟಾಕೀಸು ಹೋಯಿತು, ಹೆಸರು ಉಳಿಯಿತು. ಬದಲಾಯಿಸಿದರೆ ಜನ ಇಳಿಯುವುದೆಲ್ಲಿ?"

ಅಪರೂಪಕ್ಕೆ ಇಬ್ಬರೂ ತಲೆಯಾಡಿಸಿದರು. ಅಷ್ಟರಲ್ಲಿ ಕಾಫಿ ಬಂತು. ಆರು ಲೋಟ.

"ಏನಯ್ಯಾ ಇದು? ಮೂರು ಜನಕ್ಕೆ ಮೂರು ಬೈಟು ಎಂದರೆ ಮೂರು ಅರ್ಧ ಲೋಟವಲ್ಲವೇ?" ರಾಯರು ಗದರಿದರು.

ಹುಡುಗ ಗೋಡೆಯತ್ತ ಗಲ್ಲ ಎತ್ತಿದ. "ಒಂದು ಬೈಟು, ಎರಡು ಲೋಟ. ಬೋರ್ಡಿನಲ್ಲಿ ಬರೆದಿದೆಯಲ್ಲ ಸಾರ್?"

ಭಟ್ಟ ತುಟಿ ಪಿಟಕ್ಕೆನ್ನದೆ ಎರಡು ಲೋಟ ತನ್ನತ್ತ ಎಳೆದುಕೊಂಡ.