ಬೆಲ್ಲದ ಪೊಟ್ಟಣದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಹೆಸರನ್ನು ಅಚ್ಚು ಹಾಕಿಸಬಹುದೇ?

ಪ್ರಶ್ನೆ: ಸಂಘದ ಕಾರ್ಯದರ್ಶಿ, ಶ್ರೀರಂಗಪಟ್ಟಣ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಹದಿನಾಲ್ಕು ಮಂದಿ ಹೆಂಗಸರು ಸೇರಿ ನಡೆಸುತ್ತಿರುವ ಸ್ವಸಹಾಯ ಸಂಘವು ಆಲೆಮನೆಯಿಂದ ಅಚ್ಚು ಬೆಲ್ಲ ಕೊಂಡು, ಪೊಟ್ಟಣ ಕಟ್ಟಿ, ಮೈಸೂರಿನ ಅಂಗಡಿಗಳಿಗೆ ಕೊಡುತ್ತದೆ. ಈ ಸಲ ಹೊಸ ಲೇಬಲ್ ಮಾಡಿಸಲು ಹೋದಾಗ ಮುದ್ರಣಾಲಯದವರು ತಾವಾಗಿಯೇ ಒಂದು ನಮೂನೆ ಸಿದ್ಧಪಡಿಸಿ ಕಳುಹಿಸಿದರು. ಅದರ ಮೇಲ್ಮೂಲೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೀಲಿ ಲಾಂಛನವಿದೆ, ಅದರ ಕೆಳಗೆ ‘ಸಕ್ಕರೆ ಬಿಡಿ, ಬೆಲ್ಲ ಬಳಸಿ, ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ’ ಎಂದಿದೆ, ಹಿಂಬದಿಯಲ್ಲಿ ‘ಯುನೆಸ್ಕೊ ಪಾರಂಪರಿಕ ತಾಣವಾದ ಶ್ರೀರಂಗಪಟ್ಟಣದ ಬೆಲ್ಲ’ ಎಂದಿದೆ. ನೋಡಲು ಚೆನ್ನಾಗಿದೆ, ಆದರೆ ನನಗೆ ಅಳುಕು.

ಇದರ ಜೊತೆಗೆ, ಸಂತೆಯಲ್ಲಿ ಉಚಿತವಾಗಿ ಹಂಚಲು ಎಂಟು ಪುಟದ ಕೈಪುಸ್ತಿಕೆಯೊಂದನ್ನೂ ಮಾಡುತ್ತಿದ್ದೇವೆ. ಸಕ್ಕರೆಯ ಕುರಿತು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೊರತಂದ ಮಾರ್ಗಸೂಚಿಯ ಕೆಲವು ಪುಟಗಳನ್ನು ಸದಸ್ಯೆಯೊಬ್ಬರ ಮಗಳು ಕನ್ನಡಕ್ಕೆ ತಂದಿದ್ದಾಳೆ. ಲೋಕಕ್ಕೆಲ್ಲ ತೆರೆದಿಟ್ಟ ಮಾಹಿತಿಯನ್ನು ಹಳ್ಳಿಯವರಿಗೆ ಅವರ ಭಾಷೆಯಲ್ಲಿ ತಲುಪಿಸುವುದಕ್ಕೂ ಯಾರದಾದರೂ ಅಪ್ಪಣೆ ಬೇಕೇ? ತಿಳಿದವರು ದಯವಿಟ್ಟು ಹೇಳಿ.

ಉತ್ತರ: ವಕೀಲರು, ಮೈಸೂರು

ತಮ್ಮ ಅಳುಕು ಸರಿಯಾದದ್ದೇ. ಲಾಂಛನಗಳ ಮತ್ತು ಹೆಸರುಗಳ ಅನುಚಿತ ಬಳಕೆಯನ್ನು ತಡೆಯುವ ಕೇಂದ್ರದ ಕಾಯ್ದೆಯೊಂದು 1950ರಿಂದ ಇದೆ. ಅದರ ಅನುಸೂಚಿಯಲ್ಲಿ ವಿಶ್ವಸಂಸ್ಥೆಯ ಹೆಸರು, ಲಾಂಛನ ಮತ್ತು ಮುದ್ರೆ ಮೊದಲನೆಯದಾಗಿಯೂ ವಿಶ್ವ ಆರೋಗ್ಯ ಸಂಸ್ಥೆಯವು ಎರಡನೆಯದಾಗಿಯೂ ಬರುತ್ತವೆ. ನಮ್ಮ ರಾಷ್ಟ್ರಧ್ವಜಕ್ಕೆ ಜಾಗ ಅವುಗಳ ನಂತರ. ಕೇಂದ್ರ ಸರ್ಕಾರದ ಪೂರ್ವಾನುಮತಿ ಇಲ್ಲದೆ ಇವುಗಳನ್ನು ವ್ಯಾಪಾರಕ್ಕಾಗಲಿ ವೃತ್ತಿಗಾಗಲಿ ಬಳಸುವಂತಿಲ್ಲ ಎಂದು 3ನೆಯ ಕಲಮು ಹೇಳುತ್ತದೆ. ಇದಕ್ಕೂ ಹಿಂದೆ, 1946ರ ಡಿಸೆಂಬರ್ 7ರಂದು ವಿಶ್ವಸಂಸ್ಥೆಯ ಮಹಾಸಭೆಯು ತನ್ನ ಲಾಂಛನವನ್ನು ಅಂಗೀಕರಿಸಿದ ನಿರ್ಣಯದಲ್ಲಿಯೇ, ಅದರ ಅನಧಿಕೃತ ಬಳಕೆಯನ್ನು ತಡೆಯುವ ಕಾನೂನು ಮಾಡಿರೆಂದು ಸದಸ್ಯ ದೇಶಗಳನ್ನು ಕೇಳಿಕೊಂಡಿತ್ತು.

ಆದರೆ ಹೆಸರನ್ನು ಎಲ್ಲಿಯೂ ಬರೆಯಲೇಬಾರದು ಎಂದು ಇದರ ಅರ್ಥವಲ್ಲ. ಲೇಖನದಲ್ಲಿ, ಪಾಠದಲ್ಲಿ, ಚರ್ಚೆಯಲ್ಲಿ ‘ಈ ಅಂಕಿ ಇಂಥ ಸಂಸ್ಥೆಯದು’ ಎಂದು ಮೂಲವನ್ನು ಹೇಳುವುದು ಬೇರೆ, ಆ ಸಂಸ್ಥೆಯೇ ನಮ್ಮ ಬೆನ್ನಿಗೆ ನಿಂತಿದೆ ಎಂದು ಗಿರಾಕಿ ನಂಬುವಂತೆ ಹೆಸರನ್ನು ಮಾರುವ ವಸ್ತುವಿನ ಮೇಲೆ ಒತ್ತುವುದು ಬೇರೆ. ಊರಿನ ಹಿರಿಯರ ಮಾತನ್ನು ಅವರ ಹೆಸರು ಹೇಳಿ ಉಲ್ಲೇಖಿಸಿದರೆ ಯಾರೂ ಬೇಡವೆನ್ನುವುದಿಲ್ಲ, ಅವರ ಸಹಿಯನ್ನು ನಾವೇ ಹಾಕಿಕೊಂಡರೆ ಸುಮ್ಮನಿರುವುದಿಲ್ಲ.

ಉತ್ತರ: ಸಗಟು ವ್ಯಾಪಾರಿ, ಮಂಡ್ಯ

ವಕೀಲರು ಹೇಳಿದ ಕಾಯ್ದೆಯಲ್ಲಿ ದಂಡವೆಂದು ಬರೆದಿರುವುದು 500 ರೂಪಾಯಿಯವರೆಗೆ ಮಾತ್ರ. ಕೇಂದ್ರದ ಮಂಜೂರಾತಿ ಇಲ್ಲದೆ ಮೊಕದ್ದಮೆಯನ್ನೂ ಹೂಡಲಾಗದು. ಅರ್ಧ ಪೇಟೆಯೇ ನೀರಿನ ಫಿಲ್ಟರಿನಿಂದ ಹಿಡಿದು ಹಲ್ಲುಪುಡಿಯವರೆಗೆ ಇಂಥ ಹೆಸರುಗಳನ್ನು ಹಾಕಿಕೊಂಡಿರುವಾಗ, ಹದಿನಾಲ್ಕು ಮಂದಿ ಹೆಣ್ಣುಮಕ್ಕಳ ಸಂಘವನ್ನು ಯಾರು ಹುಡುಕಿಕೊಂಡು ಬರುತ್ತಾರೆ?

ಉತ್ತರ: ವಕೀಲರು, ಮೈಸೂರು

ದಂಡದ ಮೊತ್ತ ತಾವು ಹೇಳಿದಷ್ಟೇ, ಒಪ್ಪುತ್ತೇನೆ. ಆದರೆ ಬೆಲ್ಲ ಆಹಾರವಸ್ತು ಎಂಬುದನ್ನು ಮರೆಯಬಾರದು. ಆಹಾರ ಸುರಕ್ಷತೆಯ 2006ರ ಕಾಯ್ದೆಯ 53ನೆಯ ಕಲಮಿನಂತೆ ದಾರಿ ತಪ್ಪಿಸುವ ಜಾಹೀರಾತಿಗೆ ಹತ್ತು ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿಯೂ ಮೊದಲ ತಪ್ಪಿಗೆ ಅಷ್ಟೇ ಮೊತ್ತದ ಮಿತಿಯಿದೆ. ಇನ್ನೊಂದು ಮಾತು: ನಾಳೆ ಈ ಸಂಘ ತನ್ನ ಗುರುತನ್ನು ಟ್ರೇಡ್‌ಮಾರ್ಕ್ ಮಾಡಿಸಲು ಹೋದರೆ, 1950ರ ಕಾಯ್ದೆ ನಿಷೇಧಿಸಿದ ಯಾವುದಾದರೂ ಅದರಲ್ಲಿದ್ದಲ್ಲಿ ನೋಂದಣಿಯೇ ಸಿಗದು. ಪೇಟೆಯಲ್ಲಿ ಎಲ್ಲರೂ ಮಾಡುತ್ತಾರೆ ಎಂಬುದು ನಿಜವೇ. ಔಷಧದಂಗಡಿಗಳ ಮತ್ತು ಕ್ಲಿನಿಕ್‌ಗಳ ಫಲಕದ ಮೇಲೆ ಬಿಳಿಯ ಹಿನ್ನೆಲೆಯ ಕೆಂಪು ಶಿಲುಬೆಯನ್ನು ಬರೆಸುವುದು ಕೂಡ 1960ರ ಜಿನೀವಾ ಒಪ್ಪಂದಗಳ ಕಾಯ್ದೆಗೆ ವಿರುದ್ಧವೆಂದು ಬಹಳ ವೈದ್ಯರಿಗೇ ತಿಳಿದಿಲ್ಲ.

ಉತ್ತರ: ನಿವೃತ್ತ ಆಹಾರ ವಿಜ್ಞಾನ ಉಪನ್ಯಾಸಕಿ, ಮೈಸೂರು

ಕಾನೂನಿನ ಮಾತು ಹಾಗಿರಲಿ, ಲೇಬಲ್ಲಿನ ವಾಕ್ಯವೇ ಸುಳ್ಳು. ಆ ಸಂಸ್ಥೆಯ 2015ರ ಮಾರ್ಗಸೂಚಿಯು ‘ಮುಕ್ತ ಸಕ್ಕರೆ’ ಎಂಬ ಪರಿಭಾಷೆಯನ್ನು ಬಳಸುತ್ತದೆ. ತಯಾರಕರಾಗಲಿ, ಅಡುಗೆ ಮಾಡುವವರಾಗಲಿ, ತಿನ್ನುವವರಾಗಲಿ ಆಹಾರಕ್ಕೆ ಸೇರಿಸುವ ಎಲ್ಲ ಸಕ್ಕರೆಗಳು, ಜೊತೆಗೆ ಜೇನುತುಪ್ಪ, ಪಾಕ, ಹಣ್ಣಿನ ರಸಗಳಲ್ಲಿ ಸಹಜವಾಗಿಯೇ ಇರುವ ಸಕ್ಕರೆ ಅದರೊಳಗೆ ಬರುತ್ತವೆ. ಇಡೀ ಹಣ್ಣಿನಲ್ಲಿಯೂ ಹಾಲಿನಲ್ಲಿಯೂ ಇರುವ ಸಕ್ಕರೆ ಬರುವುದಿಲ್ಲ. ಕಬ್ಬಿನ ಹಾಲನ್ನು ಕೊಪ್ಪರಿಗೆಯಲ್ಲಿ ಕಾಯಿಸಿ ಇಳಿಸಿದ ಬೆಲ್ಲದ ಬಹುಭಾಗ ಸುಕ್ರೋಸೇ, ಅಂದರೆ ಬಿಳಿ ಸಕ್ಕರೆಯಲ್ಲಿರುವುದೇ ಆಗಿರುವುದರಿಂದ, ಪಾಯಸಕ್ಕೆ ಹಾಕಿದ ಬೆಲ್ಲವೂ ಕಾಫಿಗೆ ಹಾಕಿದ ಸಕ್ಕರೆಯೂ ಈ ಲೆಕ್ಕದಲ್ಲಿ ಒಂದೇ. ಒಟ್ಟು ಶಕ್ತಿಯಲ್ಲಿ ಮುಕ್ತ ಸಕ್ಕರೆಯ ಪಾಲು ಶೇಕಡಾ 10ಕ್ಕಿಂತ ಕಡಿಮೆ ಇರಬೇಕು, ಸಾಧ್ಯವಾದರೆ 5ಕ್ಕಿಂತ ಕೆಳಗಿಳಿಯಲಿ ಎಂಬುದು ಅಲ್ಲಿನ ಸಲಹೆ. ದಿನಕ್ಕೆ 2000 ಕಿಲೋಕ್ಯಾಲರಿ ತಿನ್ನುವ ವಯಸ್ಕರಿಗೆ ಶೇಕಡಾ 10 ಎಂದರೆ ಸುಮಾರು 50 ಗ್ರಾಂ.

ಹೀಗಿರುವಾಗ, ಸಕ್ಕರೆ ಕಡಿಮೆ ಮಾಡಿ ಎಂದವರ ಹೆಸರಿನಲ್ಲಿ ಬೆಲ್ಲ ತಿನ್ನಿ ಎನ್ನುವುದು ಅವರು ಆಡದ ಮಾತನ್ನು ಅವರ ಬಾಯಿಗೆ ತುರುಕಿದಂತೆ. ಸಕ್ಕರೆ ಕಾಯಿಲೆಯವರು ಇದನ್ನು ನಂಬಿ ಕೊಂಡರೆ ಆಗುವ ಅನಾಹುತವೇ ನನಗೆ ದಂಡಕ್ಕಿಂತ ದೊಡ್ಡದಾಗಿ ಕಾಣುತ್ತದೆ. ತಮ್ಮ ಬೆಲ್ಲ ಒಳ್ಳೆಯದಿರಬಹುದು. ಅದರ ಬಣ್ಣ, ರುಚಿ, ಯಾವ ಊರಿನ ಕಬ್ಬು, ಯಾವ ದಿನ ಇಳಿಸಿದ್ದು ಎಂಬುದನ್ನು ಬರೆಯಿರಿ, ಮೈಸೂರಿನ ಗಿರಾಕಿಗಳಿಗೆ ಅದು ಸಾಕು.

ಉತ್ತರ: ಅನುವಾದಕ, ಮೈಸೂರು

ಕೈಪುಸ್ತಿಕೆಯ ವಿಷಯವನ್ನು ಯಾರೂ ಮುಟ್ಟಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಶೇಕಡಾ 10, 50 ಗ್ರಾಂ ಮುಂತಾದ ಸಂಗತಿಗಳಿಗೆ ಯಾರೂ ಒಡೆಯರಲ್ಲ. ಅವುಗಳನ್ನು ತಮ್ಮದೇ ಮಾತಿನಲ್ಲಿ ಬರೆದು, ಇಂಥ ಸಂಸ್ಥೆಯ ಇಂಥ ವರ್ಷದ ಮಾರ್ಗಸೂಚಿಯಿಂದ ಎಂದು ಸೂಚಿಸಿದರೆ ಯಾರ ಅಪ್ಪಣೆಯೂ ಬೇಡ. ಕೃತಿಸ್ವಾಮ್ಯ ಇರುವುದು ಆ ಸಂಗತಿಯನ್ನು ಹೇಳಿದ ವಾಕ್ಯಗಳಿಗೆ, ಚಿತ್ರಗಳಿಗೆ. ಪುಟಗಟ್ಟಲೆ ಅನುವಾದ ಮಾಡಿದಾಗ ಅದು ಅಡ್ಡ ಬರುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯು 2016ರ ನವೆಂಬರಿನಿಂದ ತನ್ನ ಪ್ರಕಟಣೆಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ, ಅಂದರೆ ಕೆಲವು ಷರತ್ತುಗಳ ಮೇಲೆ ಯಾರು ಬೇಕಾದರೂ ಬಳಸಬಹುದೆಂಬ ಮುಂಗಡ ಅಪ್ಪಣೆಯೊಡನೆ, ಹೊರತರುತ್ತಿದೆ. ಆ ಪರವಾನಗಿಯಿರುವ ಪುಸ್ತಕವನ್ನು ಲಾಭದ ಉದ್ದೇಶವಿಲ್ಲದೆ ಅನುವಾದಿಸಿ ಹಂಚಬಹುದು. ಆದರೆ ಅನುವಾದವನ್ನೂ ಅದೇ ಷರತ್ತುಗಳಿಗೆ ಒಳಪಡಿಸಬೇಕು, ಸಂಸ್ಥೆಯ ಲಾಂಛನವನ್ನು ಬಳಸಬಾರದು, ಈ ಅನುವಾದ ಸಂಸ್ಥೆಯದಲ್ಲ, ಇದರ ನಿಖರತೆಗೆ ಅದು ಹೊಣೆಯಲ್ಲ, ಇಂಗ್ಲಿಷ್ ಮೂಲವೇ ಅಧಿಕೃತ ಎಂಬ ಒಕ್ಕಣೆಯನ್ನು ಸೇರಿಸಬೇಕು. ತಮ್ಮ ಮಾರ್ಗಸೂಚಿ 2015ರದು, ಅಂದರೆ ಈ ವ್ಯವಸ್ಥೆಗಿಂತ ಹಿಂದಿನದು. ಅದರ ಅನುವಾದಕ್ಕೆ ಸಂಸ್ಥೆಯನ್ನೇ ಬರೆದು ಕೇಳಬೇಕು. ಎಂಟು ಪುಟಕ್ಕಾಗಿ ಅಷ್ಟು ಕಷ್ಟವೇಕೆ? ಆ ಹುಡುಗಿ ಓದಿ ತಿಳಿದದ್ದನ್ನು ತನ್ನದೇ ಕನ್ನಡದಲ್ಲಿ ಬರೆಯಲಿ. ಅನುವಾದಕ್ಕಿಂತ ಅದೇ ಸಂತೆಯ ಜನಕ್ಕೆ ಹತ್ತಿರವಾದೀತು. ಕೈಪುಸ್ತಿಕೆಯನ್ನು ಬೆಲ್ಲದ ಪೊಟ್ಟಣದೊಳಗಿಟ್ಟು ಕೊಡುವ ಯೋಚನೆ ಇದ್ದರೆ ಬಿಡಿ, ಆಗ ಅದು ಜಾಹೀರಾತಾಗುತ್ತದೆ.

ಯುನೆಸ್ಕೊ ವಿಚಾರಕ್ಕೆ ಬಂದರೆ, ಶ್ರೀರಂಗಪಟ್ಟಣದ ಸ್ಮಾರಕಗಳು 2014ರಿಂದ ಇರುವುದು ತಾತ್ಕಾಲಿಕ ಪಟ್ಟಿಯಲ್ಲಿ, ಅಂದರೆ ಮುಂದೆ ಪರಿಗಣಿಸಬಹುದಾದ ತಾಣಗಳ ಪಟ್ಟಿಯಲ್ಲಿ ಮಾತ್ರ. ಅದು ನಮ್ಮ ಸರ್ಕಾರವೇ ಕೊಟ್ಟ ಪಟ್ಟಿ. ನಮ್ಮ ಸುತ್ತಮುತ್ತ ವಿಶ್ವ ಪರಂಪರೆಯ ಪಟ್ಟಿಗೆ ಸೇರಿರುವುದು ಸೋಮನಾಥಪುರದ ಕೇಶವ ದೇವಾಲಯ, ಬೇಲೂರು ಮತ್ತು ಹಳೇಬೀಡಿನ ಜೊತೆಗೆ, 2023ರ ಸೆಪ್ಟೆಂಬರಿನಲ್ಲಿ. ಸೇರಿದ್ದರೂ ಆ ಗೌರವ ಗುಡಿಯದು, ಬೆಲ್ಲದ್ದಲ್ಲ. ಊರಿನ ಹೆಸರಿನಿಂದ ವಸ್ತುವಿಗೆ ಮಾನ್ಯತೆ ಬೇಕಿದ್ದರೆ ಅದಕ್ಕೆ ಭೌಗೋಳಿಕ ಸೂಚಕವೆಂಬ ಬೇರೆಯೇ ದಾರಿಯಿದೆ; ನಂಜನಗೂಡಿನ ರಸಬಾಳೆಯೂ ಮೈಸೂರು ವೀಳ್ಯದೆಲೆಯೂ ಆ ದಾರಿಯಲ್ಲಿ ಬಂದವು.

ಪ್ರಶ್ನೆ ಕೇಳಿದವರು

ಉತ್ತರಿಸಿದ ಎಲ್ಲರಿಗೂ ಸಂಘದ ಪರವಾಗಿ ವಂದನೆಗಳು. ಬೆಲ್ಲವೂ ಸಕ್ಕರೆಯ ಲೆಕ್ಕದಲ್ಲಿಯೇ ಬರುತ್ತದೆ ಎಂದು ನಿನ್ನೆಯ ಸಭೆಯಲ್ಲಿ ಓದಿ ಹೇಳಿದಾಗ, ಮನೆಯಲ್ಲಿ ಸಕ್ಕರೆ ಕಾಯಿಲೆ ಇರುವ ಇಬ್ಬರು ಸದಸ್ಯೆಯರು ಬಹಳ ಹೊತ್ತು ಮಾತಾಡಲಿಲ್ಲ. ಲಾಂಛನವನ್ನೂ ಎರಡೂ ವಾಕ್ಯಗಳನ್ನೂ ತೆಗೆಯಲು ಮುದ್ರಣಾಲಯಕ್ಕೆ ತಿಳಿಸಿದ್ದೇವೆ. ಆ ಜಾಗದಲ್ಲಿ ಊರಿನ ಹೆಸರು, ಬೆಲ್ಲ ಇಳಿಸಿದ ತಾರೀಖು ಬರುತ್ತವೆ. ಕೈಪುಸ್ತಿಕೆಯನ್ನು ಹುಡುಗಿ ಮೊದಲಿನಿಂದ ಬರೆಯುತ್ತಿದ್ದಾಳೆ. ಬೆಲ್ಲವನ್ನೂ ಅಳೆದು ತಿನ್ನಿ ಎಂಬ ಮಾತು ಅದರ ಮೊದಲ ಪುಟದಲ್ಲಿಯೇ ಇರಲಿ ಎಂದು ಆ ಇಬ್ಬರೇ ಕೇಳಿಕೊಂಡಿದ್ದಾರೆ.